ನಗರದ ಅವಶೇಷಗಳ ಮೇಲೆ ಎದ್ದ ಕ್ರೀಡಾಂಗಣ

ಪೋಲೆಂಡಿನ ರಾಜಧಾನಿ ವಾರ್ಸಾ ನಗರವನ್ನು ವಿಸ್ತುಲಾ ನದಿ ಎರಡು ಭಾಗ ಮಾಡಿದೆ. ಪಶ್ಚಿಮ ದಂಡೆಯಲ್ಲಿ ಹಳೆಯ ಪೇಟೆ, ಅರಮನೆ, ಸರ್ಕಾರಿ ಕಚೇರಿಗಳು. ಪೂರ್ವ ದಂಡೆಯಲ್ಲಿ ಪ್ರಾಗಾ ಎಂಬ ಭಾಗ. ಬಹುಕಾಲ ಅದು ದುಡಿಯುವ ಜನರ ಬಡಾವಣೆಯಾಗಿಯೇ ಇತ್ತು. (ಚೆಕ್ ರಾಜಧಾನಿ ಪ್ರಾಗ್ ಬೇರೆ, ಈ ಪ್ರಾಗಾ ಬೇರೆ. ಎರಡೂ ಮುಂದೆ ಬರುವುದರಿಂದ ಮೊದಲೇ ಹೇಳಿಬಿಡುವುದು ಒಳ್ಳೆಯದು.) ಪೊನ್ಯಾತೊವ್‌ಸ್ಕಿ ಸೇತುವೆಯ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬಂದರೆ, ಕೆಂಪು-ಬಿಳಿ ಬಣ್ಣದ ದೊಡ್ಡ ಬೆತ್ತದ ಬುಟ್ಟಿಯೊಂದನ್ನು ನದಿಯ ದಂಡೆಯಲ್ಲಿ ಇಟ್ಟಂತೆ ಕಾಣುವ ಸ್ಟೇಡಿಯಂ ಎದುರಾಗುತ್ತದೆ. ಅದು ಪೋಲೆಂಡಿನ ರಾಷ್ಟ್ರೀಯ ಕ್ರೀಡಾಂಗಣ. 2012ರಲ್ಲಿ ಬಾಗಿಲು ತೆರೆದ ಅದರ ಬಗ್ಗೆ ಫುಟ್‌ಬಾಲ್ ಪ್ರಿಯರಿಗೆ ಹೊಸದಾಗಿ ಹೇಳಬೇಕಾದ್ದು ಹೆಚ್ಚಿಲ್ಲ. ಹೇಳಬೇಕಾದ್ದಿರುವುದು ಅದೇ ನೆಲದಲ್ಲಿ ಅದಕ್ಕೂ ಮೊದಲು ಇದ್ದ ಇನ್ನೊಂದು ಕ್ರೀಡಾಂಗಣದ ಬಗ್ಗೆ.

ಆ ಹಳೆಯ ಕ್ರೀಡಾಂಗಣದ ಹೆಸರು ‘ಸ್ಟಾಡಿಯೋನ್ ಜೆಶೆಂಚೊಲೆಚಾ’, ಅಂದರೆ ದಶಮಾನೋತ್ಸವ ಕ್ರೀಡಾಂಗಣ. ಫುಟ್‌ಬಾಲ್ ಮೈದಾನ, ಅದರ ಸುತ್ತ ಓಟದ ಪಥ, ಅದರ ಸುತ್ತ ಹತ್ತಾರು ಸಾವಿರ ಜನ ಕೂರುವ ಮೆಟ್ಟಿಲುಗಳು. ಯಾವ ದಶಮಾನೋತ್ಸವ ಎಂಬ ಪ್ರಶ್ನೆಗೆ ಉತ್ತರ ಹುಡುಕಿದರೆ 1944ಕ್ಕೆ ಹೋಗಬೇಕಾಗುತ್ತದೆ.

1944ರ ಬೇಸಿಗೆಯಲ್ಲಿ ಸೋವಿಯತ್ ಸೈನ್ಯ ಜರ್ಮನರನ್ನು ಹಿಮ್ಮೆಟ್ಟಿಸುತ್ತ ಪೋಲೆಂಡಿನೊಳಗೆ ನುಗ್ಗಿತು. ಆ ಸೈನ್ಯದ ನೆರಳಿನಲ್ಲಿ ರಚನೆಯಾದ ಕಮ್ಯುನಿಸ್ಟ್ ಸಮಿತಿಯೊಂದು ಜುಲೈ 22ರ ದಿನಾಂಕ ಹಾಕಿ ಒಂದು ಘೋಷಣಾಪತ್ರ ಹೊರಡಿಸಿತು. ಮುಂದೆ ನಲವತ್ತು ವರ್ಷಗಳಿಗೂ ಹೆಚ್ಚು ಕಾಲ ಪೋಲೆಂಡಿನಲ್ಲಿ ಆಚರಿಸಿದ ರಾಷ್ಟ್ರೀಯ ದಿನ ಈ ಜುಲೈ 22ರದು. ಕ್ರೀಡಾಂಗಣ ಹೊತ್ತ ಹೆಸರೂ ಅದೇ ಘೋಷಣಾಪತ್ರದ್ದು.

ಆದರೆ ಘೋಷಣಾಪತ್ರ ಹೊರಬಿದ್ದ ಹತ್ತು ದಿನಗಳಿಗೆ, ಆಗಸ್ಟ್ 1ರಂದು, ವಾರ್ಸಾದಲ್ಲಿ ಬೇರೆಯೇ ಒಂದು ಘಟನೆ ಶುರುವಾಯಿತು. ಕಮ್ಯುನಿಸ್ಟರಿಗೆ ಸೇರದ ಭೂಗತ ‘ಹೋಂ ಆರ್ಮಿ’ ಜರ್ಮನರ ವಿರುದ್ಧ ದಂಗೆಯೆದ್ದಿತು. ಅರವತ್ತಮೂರು ದಿನ ಬೀದಿಬೀದಿಯಲ್ಲಿ ಕಾಳಗ ನಡೆಯಿತು. ಸೆಪ್ಟೆಂಬರ್ ನಡುವಿನ ಹೊತ್ತಿಗೆ ಸೋವಿಯತ್ ಸೈನ್ಯ ಪೂರ್ವ ದಂಡೆಯ ಪ್ರಾಗಾವನ್ನು ವಶಪಡಿಸಿಕೊಂಡಿತ್ತು. ನದಿಯಾಚೆ ನಗರ ಉರಿಯುತ್ತಿದ್ದರೂ ಅದು ಅಲ್ಲಿಗೇ ನಿಂತಿತು. ನಿಲ್ಲಿಸಿದ್ದು ಸೈನಿಕ ಕಾರಣವೋ ರಾಜಕೀಯ ಲೆಕ್ಕಾಚಾರವೋ ಎಂಬ ವಾದ ಇತಿಹಾಸಕಾರರಲ್ಲಿ ಇನ್ನೂ ಮುಗಿದಿಲ್ಲ. ಪೋಲರ ಮನಸ್ಸಿನಲ್ಲಿ ಮಾತ್ರ ಅದು ಎಂದೋ ಮುಗಿದಿದೆ. ದಂಗೆ ಸೋತಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ನಾಗರಿಕರು ಸತ್ತರು. ಉಳಿದವರನ್ನು ಊರಿನಿಂದ ಹೊರಹಾಕಿ ಜರ್ಮನರು ಮನೆಮನೆಗೂ ಬೆಂಕಿಯಿಟ್ಟು, ಸಿಡಿಮದ್ದು ಹಾಕಿ, ಕ್ರಮಬದ್ಧವಾಗಿ ನಗರವನ್ನು ಕೆಡವಿದರು. 1945ರ ಜನವರಿಯಲ್ಲಿ ಸೋವಿಯತ್ ಸೈನ್ಯ ನದಿ ದಾಟಿ ಬಂದಾಗ ಪಶ್ಚಿಮ ದಂಡೆಯಲ್ಲಿ ನಗರವೆಂದು ಕರೆಯಬಹುದಾದ್ದು ಹೆಚ್ಚೇನೂ ಉಳಿದಿರಲಿಲ್ಲ. ಇಡೀ ವಾರ್ಸಾದ ಸುಮಾರು ಶೇಕಡ 85ರಷ್ಟು ಕಟ್ಟಡಗಳು ನಾಶವಾಗಿದ್ದವೆಂಬುದು ಸಾಮಾನ್ಯವಾಗಿ ಕೊಡುವ ಲೆಕ್ಕ.

ನಾಶವಾದ ಊರನ್ನು ಮತ್ತೆ ಕಟ್ಟುವಾಗ ಮೊದಲು ಎದುರಾಗುವ ತೊಡಕು ಹೊಸ ಇಟ್ಟಿಗೆಯದಲ್ಲ, ಹಳೆಯ ಇಟ್ಟಿಗೆಯದು. ಲಕ್ಷಾಂತರ ಲಾರಿ ತುಂಬುವಷ್ಟು ಮುರಿದ ಇಟ್ಟಿಗೆ, ಸುಣ್ಣ, ಕಲ್ಲು, ಕಬ್ಬಿಣ. ಅದರ ನಡುವೆ ಹೊರತೆಗೆಯಲಾಗದೆ ಉಳಿದ ಮನುಷ್ಯರ ಮೂಳೆಗಳು. ಇದನ್ನೆಲ್ಲ ಎಲ್ಲಿ ಸುರಿಯುವುದು? ಯಹೂದಿ ಘೆಟ್ಟೋ ಇದ್ದ ಜಾಗದಲ್ಲಿ ಅವಶೇಷಗಳನ್ನು ತೆಗೆಯುವ ಗೋಜಿಗೂ ಹೋಗದೆ ಅವುಗಳ ಮೇಲೆಯೇ ಮುರಾನುಫ್ ಎಂಬ ಬಡಾವಣೆ ಕಟ್ಟಿದರು. ಅಲ್ಲಿನ ಹಲವು ಮನೆಗಳು ಈಗಲೂ ರಸ್ತೆಗಿಂತ ಎತ್ತರದ ದಿಬ್ಬಗಳ ಮೇಲೆ ನಿಂತಿವೆ. ನಗರದ ಬೇರೆ ಕಡೆ ಅವಶೇಷಗಳನ್ನು ರಾಶಿ ಹಾಕಿದ್ದರಿಂದ ಗುಡ್ಡಗಳೇ ಹುಟ್ಟಿಕೊಂಡವು. ಒಂದು ಪಾಲು ನದಿ ದಾಟಿ ಪ್ರಾಗಾಕ್ಕೆ ಬಂದು ಕ್ರೀಡಾಂಗಣವಾಯಿತು.

ವಾಸ್ತುಶಿಲ್ಪಿಗಳಾದ ಯೆಜಿ ಹ್ರಿನೆವೆಟ್‌ಸ್ಕಿ, ಮಾರೆಕ್ ಲೈಕಾಮ್ ಮತ್ತು ಚೆಸ್ಲಾವ್ ರಾಯೆವ್‌ಸ್ಕಿ ಅವರ ಉಪಾಯ ಬಹಳ ಸರಳವಾದದ್ದು. ಕಾಂಕ್ರೀಟಿನ ಕಂಬಗಳನ್ನು ಎತ್ತಿ ಅದರ ಮೇಲೆ ಗ್ಯಾಲರಿ ಕಟ್ಟುವ ಬದಲು ಅವರು ಅವಶೇಷಗಳನ್ನು ಮೊಟ್ಟೆಯಾಕಾರದಲ್ಲಿ ಒಡ್ಡಿನಂತೆ ಪೇರಿಸಿ, ಅದರ ಒಳ ಇಳಿಜಾರಿನಲ್ಲಿ ಬೆಂಚುಗಳನ್ನು ಸಾಲಾಗಿ ಹಾಕಿಸಿದರು. ನಮ್ಮ ಕೆರೆ ಏರಿಯನ್ನು ಸುತ್ತಲೂ ತಂದು ಕೂಡಿಸಿ ನಡುವೆ ನೀರಿನ ಬದಲು ಹುಲ್ಲು ಬೆಳೆಸಿದರೆ ಹೇಗಿರುತ್ತದೋ ಹಾಗೆ. ಪ್ರೇಕ್ಷಕರು ಹೊರಗಿನಿಂದ ಏರಿಯ ನೆತ್ತಿಗೆ ಹತ್ತಿ, ಅಲ್ಲಿಂದ ಒಳಕ್ಕೆ ಇಳಿದು ತಮ್ಮ ಜಾಗ ಹಿಡಿಯಬೇಕು. ಆಟಗಾರರೂ ಓಟಗಾರರೂ ಒಡ್ಡಿನ ಕೆಳಗೆ ಕೊರೆದ ಸುರಂಗದ ಮೂಲಕ ಮೈದಾನಕ್ಕೆ ಬರಬೇಕು. ಚಾವಣಿಯಿಲ್ಲ. ಉಕ್ಕು, ಸಿಮೆಂಟು ದುರ್ಲಭವಾಗಿದ್ದ ಕಾಲದಲ್ಲಿ ಇದು ಜಾಣತನದ ಕೆಲಸವೇ ಸರಿ. ಹನ್ನೊಂದು ತಿಂಗಳಲ್ಲಿ ಕೆಲಸ ಮುಗಿಯಿತು. ಅಧಿಕೃತ ಲೆಕ್ಕದಲ್ಲಿ 71,008 ಮಂದಿಗೆ ಜಾಗ. ಒತ್ತಿ ಕೂತರೆ ಒಂದು ಲಕ್ಷ.

ಅವಸರಕ್ಕೆ ಕಾರಣವಿತ್ತು. 1955ರ ಜುಲೈ ಕೊನೆಯಲ್ಲಿ ವಾರ್ಸಾದಲ್ಲಿ ವಿಶ್ವ ಯುವಜನ ಮತ್ತು ವಿದ್ಯಾರ್ಥಿ ಉತ್ಸವ ನಡೆಯಬೇಕಿತ್ತು. ಸುಮಾರು 30 ಸಾವಿರ ಯುವಕ ಯುವತಿಯರು ನೂರಕ್ಕೂ ಹೆಚ್ಚು ದೇಶಗಳಿಂದ ಬರುವವರಿದ್ದರು. ಜುಲೈ 22ರ ರಾಷ್ಟ್ರೀಯ ದಿನದಂದು ಕ್ರೀಡಾಂಗಣ ಉದ್ಘಾಟನೆಯಾಯಿತು. ಅಂದು ನಡೆದ ಫುಟ್‌ಬಾಲ್ ಪಂದ್ಯ ವಾರ್ಸಾ ಮತ್ತು ಸ್ತಾಲಿನೊಗ್ರುದ್ ತಂಡಗಳ ನಡುವಿನದು. ಭೂಪಟದಲ್ಲಿ ಈ ಎರಡನೆಯ ಊರನ್ನು ಹುಡುಕಿದರೆ ಸಿಗದು. ಗಣಿಗಳ ನಾಡಾದ ಸೈಲೀಷಿಯದ ಕಟೊವಿತ್ಸೆ ನಗರಕ್ಕೆ ಸ್ಟಾಲಿನ್ ಸತ್ತ 1953ರಲ್ಲಿ ಇಟ್ಟ ಹೆಸರು ಅದು. 1956ರಲ್ಲಿ ಆ ಹೆಸರು ಬಿದ್ದುಹೋಯಿತು.

ಇಂಥ ಕ್ರೀಡಾಂಗಣಗಳಲ್ಲಿ ಫುಟ್‌ಬಾಲ್ ಮೈದಾನದ ಸುತ್ತ ಓಟದ ಪಥ ಯಾಕೆ ಇರುತ್ತದೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಫುಟ್‌ಬಾಲ್ ಮೈದಾನ ಆಯತಾಕಾರದ್ದು. ಅದರ ಸುತ್ತ 400 ಮೀಟರಿನ ಪಥ ಹಾಕಿದರೆ ಎರಡು ತುದಿಗಳಲ್ಲಿ ಅರ್ಧವೃತ್ತದ ತಿರುವುಗಳು ಬರುತ್ತವೆ. ಗೋಲಿನ ಹಿಂದೆ ಕೂತವರಿಗೂ ಗೋಲಿಗೂ ನಡುವೆ ದೊಡ್ಡ ಅಂತರ ಬಿದ್ದು ಚೆಂಡು ಸರಿಯಾಗಿ ಕಾಣುವುದಿಲ್ಲ, ಕೂಗು ಆಟಗಾರನಿಗೆ ಕೇಳುವುದಿಲ್ಲ. ಫುಟ್‌ಬಾಲ್ ಕ್ಲಬ್ಬುಗಳು ತಮ್ಮ ದುಡ್ಡಿನಲ್ಲಿ ಕಟ್ಟಿಕೊಂಡ ಇಂಗ್ಲೆಂಡಿನ ಮೈದಾನಗಳಲ್ಲಿ ಓಟದ ಪಥ ಅಪರೂಪ. ಪ್ರೇಕ್ಷಕರು ಗೆರೆಯ ಪಕ್ಕದಲ್ಲೇ ಕೂರುತ್ತಾರೆ. ಸರ್ಕಾರವೇ ಕಟ್ಟಿಸುವಾಗ ಲೆಕ್ಕ ಬೇರೆ. ಅದಕ್ಕೆ ಫುಟ್‌ಬಾಲೂ ಬೇಕು, ಅಥ್ಲೆಟಿಕ್ಸೂ ಬೇಕು, ಸಾವಿರಾರು ಮಕ್ಕಳ ಸಾಮೂಹಿಕ ಕವಾಯತೂ ಬೇಕು, ಮೆರವಣಿಗೆ, ಭಾಷಣ, ಸುಗ್ಗಿ ಹಬ್ಬ ಎಲ್ಲವೂ ಬೇಕು. ಪಥ ಓಡುವವರಿಗೆ ಎಷ್ಟು ಉಪಯೋಗಿಯೋ ಮೆರವಣಿಗೆಗೂ ಅಷ್ಟೇ. ದಶಮಾನೋತ್ಸವ ಕ್ರೀಡಾಂಗಣವನ್ನು ಬಹೂಪಯೋಗಿ ಎನ್ನುವಾಗ ಈ ಎಲ್ಲ ಉಪಯೋಗಗಳನ್ನೂ ಸೇರಿಸಿಕೊಳ್ಳಬೇಕು.

ಕ್ರೀಡೆಯ ಮಟ್ಟಿಗೆ ಹೇಳುವುದಾದರೆ ಅದರ ಒಳ್ಳೆಯ ದಿನಗಳು ಫುಟ್‌ಬಾಲಿಗಿಂತ ಅಥ್ಲೆಟಿಕ್ಸಿಗೆ ಸೇರಿದವು. 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ 10 ಸಾವಿರ ಮೀಟರ್ ಓಟ ಗೆದ್ದ, 1940ರಲ್ಲಿ ವಾರ್ಸಾ ಬಳಿಯ ಪಾಲ್ಮಿರಿ ಕಾಡಿನಲ್ಲಿ ಜರ್ಮನರ ಗುಂಡಿಗೆ ಬಲಿಯಾದ ಯಾನುಶ್ ಕುಸೊಚಿನ್‌ಸ್ಕಿಯ ನೆನಪಿನ ಕ್ರೀಡಾಕೂಟಗಳು ಇಲ್ಲಿ ನಡೆದವು. 1959ರ ಜೂನ್‌ನ ಕೂಟದಲ್ಲಿ ಎದ್ಮುಂದ್ ಪಿಯೊಂತ್ಕೊವ್‌ಸ್ಕಿ ಡಿಸ್ಕಸ್ಸನ್ನು 59.91 ಮೀಟರ್ ಎಸೆದು ವಿಶ್ವದಾಖಲೆ ಮಾಡಿದರು. 1958ರ ಆಗಸ್ಟ್‌ನಲ್ಲಿ ಅಮೆರಿಕದ ಅಥ್ಲೆಟಿಕ್ಸ್ ತಂಡ ಮಾಸ್ಕೊದಲ್ಲಿ ಸೋವಿಯತ್ ತಂಡವನ್ನು ಎದುರಿಸಿ ನೇರವಾಗಿ ವಾರ್ಸಾಕ್ಕೆ ಬಂದಿತು. ಶೀತಲ ಸಮರದ ನಡುವೆ ಅಮೆರಿಕನ್ನರು ಓಡುವುದನ್ನು ಪೋಲರು ಎರಡು ದಿನ ಕಣ್ತುಂಬ ನೋಡಿದರು.

ವಾರ್ಸಾ, ಬರ್ಲಿನ್, ಪ್ರಾಗ್ ನಗರಗಳನ್ನು ಜೋಡಿಸುತ್ತಿದ್ದ ‘ಶಾಂತಿ ಸ್ಪರ್ಧೆ’ ಎಂಬ ಸೈಕಲ್ ಓಟಕ್ಕೆ ಇನ್ನೂ ಹೆಚ್ಚಿನ ಜನ ಸೇರುತ್ತಿದ್ದರು. ಸವಾರರು ರಸ್ತೆಯಿಂದ ಬಂದು ಸುರಂಗದೊಳಕ್ಕೆ ನುಗ್ಗಿ, ಕ್ಷಣಕಾಲ ಮರೆಯಾಗಿ, ಮತ್ತೆ ಕ್ರೀಡಾಂಗಣದ ಪಥದಲ್ಲಿ ಪ್ರತ್ಯಕ್ಷರಾಗುತ್ತಿದ್ದರು. ಆ ಕತ್ತಲೆಯ ಕ್ಷಣದ ಬಗ್ಗೆ ಒಂದು ಕಥೆಯಿದೆ. 1956ರಲ್ಲಿ ಈ ಸ್ಪರ್ಧೆಯನ್ನು ಗೆದ್ದ ಮೊದಲ ಪೋಲಿಷ್ ಸವಾರ ಸ್ತಾನಿಸ್ಲಾವ್ ಕ್ರುಲಾಕ್, ಸುರಂಗದಲ್ಲಿ ಸೋವಿಯತ್ ಸವಾರರಿಗೆ ಸೈಕಲ್ ಪಂಪಿನಿಂದ ಬಾರಿಸಿ ಮುಂದೆ ಬಂದನಂತೆ! ಇದಕ್ಕೆ ಪುರಾವೆಯಿಲ್ಲ, ಬೇಕಾಗಿಯೂ ಇಲ್ಲ. ಬಾಯಿಬಿಟ್ಟು ಸೋವಿಯತ್ ಒಕ್ಕೂಟವನ್ನು ಬೈಯಲಾಗದ ಜನ ಇಂಥ ಕಥೆ ಕಟ್ಟಿಕೊಂಡು ಮೂವತ್ತು ವರ್ಷ ನಕ್ಕರು.

ಆದರೆ ಈ ಕ್ರೀಡಾಂಗಣದಲ್ಲಿ ನಡೆದ ಎಲ್ಲಕ್ಕಿಂತ ದೊಡ್ಡ ಘಟನೆ ಕ್ರೀಡೆಗೆ ಸಂಬಂಧಿಸಿದ್ದಲ್ಲ. ಅಂದು ಅಲ್ಲಿದ್ದವರಲ್ಲಿ ಬಹುಪಾಲು ಮಂದಿಗೆ ಅದು ನಡೆದದ್ದೇ ತಿಳಿಯಲಿಲ್ಲ.

1968 ಪೋಲೆಂಡಿಗೆ ಕೆಟ್ಟ ವರ್ಷ. ಮಾರ್ಚಿಯಲ್ಲಿ ವಿದ್ಯಾರ್ಥಿಗಳು ಸೆನ್ಸಾರ್‌ಶಿಪ್ ವಿರೋಧಿಸಿ ಬೀದಿಗಿಳಿದರು. ಸರ್ಕಾರ ಲಾಠಿ ಬೀಸಿತು. ಅದರ ಜೊತೆಗೆ ದೇಶದಲ್ಲಿ ಅಳಿದುಳಿದಿದ್ದ ಯಹೂದಿಗಳ ವಿರುದ್ಧ ಪ್ರಚಾರ ನಡೆಸಿ ಸಾವಿರಾರು ಮಂದಿ ದೇಶ ಬಿಟ್ಟು ಹೋಗುವಂತೆ ಮಾಡಿತು. ನೆರೆಯ ಚೆಕೊಸ್ಲೊವಾಕಿಯದಲ್ಲಿ ಆ ವಸಂತದಲ್ಲಿ ಕಮ್ಯುನಿಸ್ಟ್ ಪಕ್ಷವೇ ಬಿಗಿ ಸಡಿಲಿಸಲು ಹೊರಟಿತ್ತು. ಆಗಸ್ಟ್ 20ರ ರಾತ್ರಿ ಸೋವಿಯತ್ ಒಕ್ಕೂಟ ಮತ್ತು ಅದರ ಮಿತ್ರ ದೇಶಗಳ ಟ್ಯಾಂಕುಗಳು ಗಡಿ ದಾಟಿದವು. ಅವುಗಳಲ್ಲಿ ಪೋಲೆಂಡಿನ ಟ್ಯಾಂಕುಗಳೂ ಇದ್ದವು. ಜರ್ಮನರಿಂದಲೂ ರಷ್ಯನ್ನರಿಂದಲೂ ಸರದಿಯಂತೆ ತುಳಿಸಿಕೊಂಡಿದ್ದ ದೇಶದ ಸೈನ್ಯ ಈಗ ತಾನೇ ನೆರೆಯವರ ಮೇಲೆ ಏರಿಹೋಗಿತ್ತು.

ಇದನ್ನು ಸಹಿಸಲಾಗದವರಲ್ಲಿ ರಿಶಾರ್ದ್ ಶಿವೆತ್ಸ್ ಒಬ್ಬರು. ಪೋಲೆಂಡಿನ ಆಗ್ನೇಯ ಮೂಲೆಯ ಪ್ಶೆಮಿಶ್ಲ್ ಎಂಬ ಊರಿನಲ್ಲಿ ಲೆಕ್ಕಪತ್ರ ಬರೆಯುವ ಕೆಲಸ. 59 ವರ್ಷ ವಯಸ್ಸು, ಐದು ಮಕ್ಕಳ ತಂದೆ. ತತ್ತ್ವಶಾಸ್ತ್ರ ಓದಿದವರು, ಯುದ್ಧಕಾಲದಲ್ಲಿ ಹೋಂ ಆರ್ಮಿಯಲ್ಲಿದ್ದವರು. ಪಕ್ಷ, ಸಂಘಟನೆ ಎಂದು ಯಾವುದೂ ಅವರ ಬೆನ್ನಿಗಿರಲಿಲ್ಲ. ಸೆಪ್ಟೆಂಬರ್ ಮೊದಲ ವಾರ ಟೇಪ್ ರೆಕಾರ್ಡರಿನ ಮುಂದೆ ಕೂತು ತಮ್ಮ ಮಾತನ್ನು ಧ್ವನಿಮುದ್ರಿಸಿ ಇಟ್ಟರು. ತಾನೊಬ್ಬ ಸಾಮಾನ್ಯ ಮನುಷ್ಯ, ತನ್ನ ಕೂಗನ್ನು ಕೇಳಿಸಿಕೊಳ್ಳಿ, ಇನ್ನೂ ತಡವಾಗಿಲ್ಲ ಎಂಬುದು ಅದರ ಸಾರಾಂಶ. ಆಮೇಲೆ ವಾರ್ಸಾಕ್ಕೆ ರೈಲು ಹತ್ತಿದರು. ರೈಲಿನಲ್ಲಿ ಹೆಂಡತಿಗೊಂದು ಪತ್ರ ಬರೆದು ಅಂಚೆಗೆ ಹಾಕಿದರು.

ಸೆಪ್ಟೆಂಬರ್ 8, ಭಾನುವಾರ. ದಶಮಾನೋತ್ಸವ ಕ್ರೀಡಾಂಗಣದಲ್ಲಿ ರಾಷ್ಟ್ರೀಯ ಸುಗ್ಗಿ ಹಬ್ಬ. ಹಳ್ಳಿಗಳಲ್ಲಿ ಕೊಯ್ಲು ಮುಗಿದ ಮೇಲೆ ತೆನೆಯ ಹಾರ ಕಟ್ಟಿ ಹಾಡಿ ಕುಣಿಯುವ ಹಳೆಯ ಆಚರಣೆಯನ್ನು ಸರ್ಕಾರ ತನ್ನದಾಗಿಸಿಕೊಂಡಿತ್ತು. ಪ್ರತಿ ಜಿಲ್ಲೆಯಿಂದ ರೈತರ ತಂಡಗಳು ಜಾನಪದ ಉಡುಪು ತೊಟ್ಟು ಬರುತ್ತಿದ್ದವು. ಪಕ್ಷದ ನಾಯಕರಿಗೆ ರೊಟ್ಟಿ ಅರ್ಪಿಸುತ್ತಿದ್ದವು. ಅಂದು ಪಕ್ಷದ ಮುಖ್ಯಸ್ಥ ವ್ಲಾದಿಸ್ಲಾವ್ ಗೊಮುಲ್ಕ, ಮಂತ್ರಿಗಳು, ವಿದೇಶಿ ರಾಯಭಾರಿಗಳು ವೇದಿಕೆಯಲ್ಲಿದ್ದರು. ಮೆಟ್ಟಿಲುಗಳ ಮೇಲೆ ಸುಮಾರು ಒಂದು ಲಕ್ಷ ಜನ. ರೇಡಿಯೊದವರು, ವಾರ್ತಾಚಿತ್ರದ ಕ್ಯಾಮೆರಾದವರು ಎಲ್ಲರೂ ಇದ್ದರು. ಸಾಕ್ಷಿಗಳು ಬೇಕೆನ್ನುವ ಮನುಷ್ಯನಿಗೆ ಇಡೀ ದೇಶದಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಸಿಗುವಂತಿರಲಿಲ್ಲ.

ಕುಣಿತ ನಡೆಯುತ್ತಿದ್ದಾಗ ಶಿವೆತ್ಸ್ ತಮ್ಮ ಮೈಮೇಲೆ ದ್ರಾವಕ ಸುರಿದುಕೊಂಡು ಬೆಂಕಿ ಹಚ್ಚಿಕೊಂಡರು. ಸುತ್ತಲಿದ್ದವರು ಗಾಬರಿಯಿಂದ ಹಿಂದೆ ಸರಿದರು. ಕೆಲವರು ಕೋಟು ಬಿಚ್ಚಿ ಬೆಂಕಿ ಆರಿಸಲು ನುಗ್ಗಿದರು. ಅವರನ್ನು ಅವರು ಹತ್ತಿರ ಬಿಡಲಿಲ್ಲ, ಉರಿಯುತ್ತಲೇ ಕೂಗಿ ಏನನ್ನೋ ಹೇಳುತ್ತಿದ್ದರು. ವಾದ್ಯಗಳು ನಿಲ್ಲಲಿಲ್ಲ. ಕುಣಿತ ನಿಲ್ಲಲಿಲ್ಲ. ಆ ಗದ್ದಲದಲ್ಲಿ ಅವರ ಮಾತು ನಾಲ್ಕು ಸಾಲು ಆಚೆಗೂ ಮುಟ್ಟಿರಲಿಕ್ಕಿಲ್ಲ. ಪೊಲೀಸರು ಅವರನ್ನು ಕಾರಿಗೆ ಹಾಕಿಕೊಂಡು ಹೋದರು. ಆಸ್ಪತ್ರೆಯಲ್ಲಿ ಕಾವಲಿನ ನಡುವೆ ನಾಲ್ಕು ದಿನ ಜೀವ ಹಿಡಿದಿದ್ದು ಸೆಪ್ಟೆಂಬರ್ 12ರಂದು ತೀರಿಕೊಂಡರು.

ಮರುದಿನದ ಪತ್ರಿಕೆಗಳಲ್ಲಿ ಸುಗ್ಗಿ ಹಬ್ಬದ ವರದಿ ಬಂತು, ಇದು ಬರಲಿಲ್ಲ. ಕುಡುಕನೊಬ್ಬನಿಗೆ ಬೆಂಕಿ ತಗುಲಿತಂತೆ, ತಲೆ ಕೆಟ್ಟವನಂತೆ ಎಂಬ ಮಾತು ಹಬ್ಬಿತು, ಅಥವಾ ಹಬ್ಬಿಸಲಾಯಿತು. ಹೆಂಡತಿಗೆ ಬರೆದ ಪತ್ರ ರಹಸ್ಯ ಪೊಲೀಸರ ಕೈಗೆ ಸಿಕ್ಕಿತು. ಆಕೆಯ ಕೈಸೇರುವ ಹೊತ್ತಿಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಳೆದಿತ್ತು. ಮಕ್ಕಳು ಬಾಯಿ ಮುಚ್ಚಿಕೊಂಡು ಬೆಳೆದರು.

ಇಲ್ಲಿ ಹೋಲಿಕೆಯೊಂದು ತಾನಾಗಿ ಮನಸ್ಸಿಗೆ ಬರುತ್ತದೆ. 1963ರಲ್ಲಿ ಸೈಗಾನಿನ ರಸ್ತೆಯ ಕೂಡಿನಲ್ಲಿ ಬೌದ್ಧ ಭಿಕ್ಷು ತಿಕ್ ಕ್ವಾಂಗ್ ಡುಕ್ ಆತ್ಮಾಹುತಿ ಮಾಡಿಕೊಂಡಾಗ ಅಲ್ಲಿದ್ದದ್ದು ಕೆಲವೇ ನೂರು ಮಂದಿ. ಆದರೆ ಅವರಲ್ಲಿ ಒಬ್ಬ ಅಮೆರಿಕನ್ ವರದಿಗಾರನ ಕೈಯಲ್ಲಿ ಕ್ಯಾಮೆರಾ ಇತ್ತು, ಚಿತ್ರವನ್ನು ಹೊರಕ್ಕೆ ಕಳಿಸುವ ದಾರಿಯೂ ಇತ್ತು. ಒಂದೆರಡು ದಿನಗಳಲ್ಲಿ ಇಡೀ ಜಗತ್ತು ಅದನ್ನು ನೋಡಿತು. 1969ರ ಜನವರಿಯಲ್ಲಿ ಪ್ರಾಗ್ ನಗರದ ವೆನ್ಸೆಸ್ಲಾಸ್ ಚೌಕದಲ್ಲಿ ಯಾನ್ ಪಾಲಾಕ್ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿ ಬೆಂಕಿ ಹಚ್ಚಿಕೊಂಡಾಗ ಅವನ ಶವಯಾತ್ರೆಗೆ ಊರೇ ಸೇರಿತು. ಪಾಲಾಕ್ ಪ್ರತಿಭಟಿಸಿದ್ದು ಅದೇ ಆಕ್ರಮಣದ ಪರಿಣಾಮದ ವಿರುದ್ಧ, ಶಿವೆತ್ಸ್ ನಂತರ ನಾಲ್ಕು ತಿಂಗಳಿಗೆ. ಯಾರಿಗಾಗಿ ಶಿವೆತ್ಸ್ ಜೀವ ಕೊಟ್ಟರೋ ಆ ಚೆಕ್ ಜನರಿಗೇ ಅವರ ಹೆಸರು ಗೊತ್ತಿರಲಿಲ್ಲ. ನವೆಂಬರ್‌ನಲ್ಲಿ ಕೀವ್ ನಗರದಲ್ಲಿ ಬೆಂಕಿ ಹಚ್ಚಿಕೊಂಡ ಉಕ್ರೇನಿನ ವಾಸಿಲ್ ಮಕುಖ್ ಅವರದೂ ಇದೇ ಗತಿ. ಪೋಲಿಷ್ ಭಾಷೆಯಲ್ಲಿ ಸುದ್ದಿ ಬಿತ್ತರಿಸುತ್ತಿದ್ದ ‘ರೇಡಿಯೊ ಫ್ರೀ ಯೂರೋಪ್’ ಕೂಡ ಶಿವೆತ್ಸ್ ವಿಷಯ ಹೇಳಿದ್ದು ಪಾಲಾಕ್ ಸತ್ತ ಮೇಲೆ.

ಒಂದು ಲಕ್ಷ ಜನರ ನಡುವೆ ನಡೆದದ್ದು ಯಾರಿಗೂ ಕಾಣದೆ ಹೋದದ್ದು ಹೇಗೆ? ಭಯ ಒಂದು ಕಾರಣ, ಕಂಡವರೂ ಹೇಳಲಿಲ್ಲ. ಆದರೆ ಕ್ರೀಡಾಂಗಣದ ರಚನೆಯ ಪಾಲೂ ಇದರಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಚೌಕದಲ್ಲಿ ಸೇರಿದ ಜನ ಒಬ್ಬರನ್ನೊಬ್ಬರು ನೋಡುತ್ತಾರೆ, ಅತ್ತಿತ್ತ ಹೋಗುತ್ತಾರೆ, ಸುದ್ದಿ ಕೈಯಿಂದ ಕೈಗೆ ದಾಟುತ್ತದೆ. ಬಟ್ಟಲಿನಂಥ ಕ್ರೀಡಾಂಗಣದಲ್ಲಿ ಎಲ್ಲರ ಕಣ್ಣೂ ನಡುವಿನ ಹುಲ್ಲಿನ ಮೇಲೆ. ಎದುರಿನ ಮೆಟ್ಟಿಲಿನಲ್ಲಿ ಎದ್ದ ಹೊಗೆ ನೂರಾರು ಮೀಟರ್ ಆಚೆ ಕೂತವನಿಗೆ ಹೊಗೆ ಮಾತ್ರ. ಪಕ್ಕದವನು ಏನಾಯಿತೆಂದು ತಿರುಗುವಷ್ಟರಲ್ಲಿ ಮೈದಾನದಲ್ಲಿ ಮುಂದಿನ ಕುಣಿತ ಶುರುವಾಗಿರುತ್ತದೆ. ತಾನು ತೋರಿಸಬೇಕೆಂದದ್ದನ್ನು ಮಾತ್ರ ಜನ ನೋಡಲಿ ಎಂದು ಸರ್ಕಾರ ಕಟ್ಟಿದ ಜಾಗ, ಆ ದಿನ ಸರ್ಕಾರ ಎಣಿಸಿದ್ದಕ್ಕಿಂತಲೂ ಚೆನ್ನಾಗಿ ಕೆಲಸ ಮಾಡಿತು.

ವಾರ್ತಾಚಿತ್ರದ ಕ್ಯಾಮೆರಾವೊಂದು ಮಾತ್ರ ಆ ಕಡೆ ತಿರುಗಿತ್ತು. ಏಳು ಸೆಕೆಂಡುಗಳ ಆ ಸುರುಳಿ ದಾಖಲೆಗಳ ನಡುವೆ ಬಿದ್ದಿತ್ತು. ಕಮ್ಯುನಿಸ್ಟ್ ಆಡಳಿತ ಕೊನೆಗೊಂಡ ಮೇಲೆ ಮಾಚೆಯ್ ದ್ರಿಗಾಸ್ ಎಂಬ ಯುವ ನಿರ್ದೇಶಕ ಅದನ್ನು ಹುಡುಕಿ ತೆಗೆದು, ಕುಟುಂಬದವರನ್ನೂ ಅಂದು ಹತ್ತಿರದಲ್ಲಿದ್ದವರನ್ನೂ ಮಾತನಾಡಿಸಿ, 1991ರಲ್ಲಿ ‘ನನ್ನ ಕೂಗು ಕೇಳಿ’ ಎಂಬ ಅರ್ಥದ ಹೆಸರಿನ ಸಾಕ್ಷ್ಯಚಿತ್ರ ಮಾಡಿದರು. ಅದಕ್ಕೆ ಆ ವರ್ಷದ ಅತ್ಯುತ್ತಮ ಯೂರೋಪಿಯನ್ ಸಾಕ್ಷ್ಯಚಿತ್ರ ಪ್ರಶಸ್ತಿ ಬಂತು. ಇಪ್ಪತ್ತಮೂರು ವರ್ಷ ತಡವಾಗಿ ಪೋಲರು ತಮ್ಮದೇ ಕ್ರೀಡಾಂಗಣದಲ್ಲಿ ನಡೆದದ್ದನ್ನು ನೋಡಿದರು.

ಇನ್ನೊಂದು ಸಲ ಇದೇ ಮೆಟ್ಟಿಲುಗಳು ಬೇರೆ ರೀತಿಯಲ್ಲಿ ತುಂಬಿದವು. 1981ರ ಡಿಸೆಂಬರ್ 13ರಂದು ಪೋಲೆಂಡಿನಲ್ಲಿ ಸೈನಿಕ ಕಾನೂನು ಜಾರಿಗೆ ಬಂದು ‘ಸಾಲಿಡಾರಿಟಿ’ ಕಾರ್ಮಿಕ ಸಂಘಟನೆ ನಿಷೇಧಕ್ಕೆ ಒಳಗಾಗಿತ್ತು. ಆ ಕಾನೂನು ಅಧಿಕೃತವಾಗಿ ಇನ್ನೂ ತೆರವಾಗಿರದ 1983ರ ಜೂನ್‌ನಲ್ಲಿ ಪೋಲೆಂಡಿನವರೇ ಆದ ಪೋಪ್ ಎರಡನೆಯ ಜಾನ್ ಪಾಲ್ ತಾಯ್ನಾಡಿಗೆ ಬಂದರು. 17ರಂದು ದಶಮಾನೋತ್ಸವ ಕ್ರೀಡಾಂಗಣದಲ್ಲಿ ಪೂಜೆ ನಡೆಸಿದರು. ಒಳಗೂ ಹೊರಗೂ ಸೇರಿ ಲಕ್ಷಾಂತರ ಜನ. ಅಂದು ಕೂಡ ಎಲ್ಲರ ಕಣ್ಣು ನಡುವಿನ ಕಡೆಗೇ ಇತ್ತು. ಆದರೆ ಅಲ್ಲಿ ನಿಂತವರನ್ನು ಸರ್ಕಾರ ನಿಲ್ಲಿಸಿರಲಿಲ್ಲ. ಸೈನಿಕ ಕಾನೂನು ರದ್ದಾದದ್ದು ಮುಂದಿನ ತಿಂಗಳು, ಅದೂ ಜುಲೈ 22ರಂದು.

ಫುಟ್‌ಬಾಲಿನ ದೊಡ್ಡ ಪಂದ್ಯಗಳೆಲ್ಲ ಅಷ್ಟು ಹೊತ್ತಿಗೆ ಸೈಲೀಷಿಯದ ಹೊಜುಫ್ ನಗರದ ಕ್ರೀಡಾಂಗಣಕ್ಕೆ ಹೋಗಿಬಿಟ್ಟಿದ್ದವು. 1956ರಲ್ಲಿ ತೆರೆದ ಅದೂ ಓಟದ ಪಥವಿದ್ದ ಮೈದಾನವೇ. 1957ರಲ್ಲಿ ಸೋವಿಯತ್ ತಂಡವನ್ನು, 1973ರಲ್ಲಿ ಇಂಗ್ಲೆಂಡನ್ನು ಪೋಲೆಂಡ್ ಸೋಲಿಸಿದ್ದು ಅಲ್ಲಿ. ವಾರ್ಸಾದ ಕ್ರೀಡಾಂಗಣದಲ್ಲಿ ರಾಷ್ಟ್ರೀಯ ತಂಡ ಕೊನೆಯದಾಗಿ ಆಡಿದ್ದು 1983ರ ಏಪ್ರಿಲ್‌ನಲ್ಲಿ ಫಿನ್ಲೆಂಡ್ ವಿರುದ್ಧ. ಬೆಂಚುಗಳು ಮುರಿದವು, ಮೆಟ್ಟಿಲುಗಳ ಸಂದಿಯಲ್ಲಿ ಹುಲ್ಲು ಬೆಳೆಯಿತು.

1989ರಲ್ಲಿ ಆಡಳಿತ ಬದಲಾಯಿತು. ಹೊಸ ಸರ್ಕಾರದ ಬಳಿ ದುರಸ್ತಿಗೆ ಹಣವಿರಲಿಲ್ಲ. ಕ್ರೀಡಾಂಗಣವನ್ನು ಖಾಸಗಿಯವರಿಗೆ ಗುತ್ತಿಗೆಗೆ ಕೊಡಲಾಯಿತು, ಅದು ಸಂತೆಯಾಯಿತು. ‘ಯಾರ್ಮಾರ್ಕ್ ಎವ್ರೋಪಾ’, ಅಂದರೆ ಯೂರೋಪ್ ಸಂತೆ ಎಂದು ಹೆಸರು. ಒಡ್ಡಿನ ನೆತ್ತಿಯ ಸುತ್ತ, ಇಳಿಜಾರಿನಲ್ಲಿ, ಹೊರಗಿನ ಬಯಲಿನಲ್ಲಿ ಸಾವಿರಾರು ಅಂಗಡಿಗಳು. ಕುಸಿಯುತ್ತಿದ್ದ ಸೋವಿಯತ್ ಒಕ್ಕೂಟದಿಂದ ಜನ ಚೀಲ ಹೊತ್ತು ರೈಲಿನಲ್ಲಿ ಬಂದು ಮನೆಯಲ್ಲಿದ್ದದ್ದನ್ನೆಲ್ಲ ಮಾರಿದರು: ಕ್ಯಾಮೆರಾ, ದುರ್ಬೀನು, ಮೀನಿನ ಮೊಟ್ಟೆ, ಸೈನ್ಯದ ಪದಕಗಳು. ನಕಲಿ ಕ್ಯಾಸೆಟ್, ಸಿ.ಡಿ., ಕಳ್ಳಸಾಗಣೆಯ ಸಿಗರೇಟು, ಸಾರಾಯಿ ಎಲ್ಲವೂ ಸಿಗುತ್ತಿತ್ತು. ಸಮಾಜವಾದಿ ಕಾಲದಲ್ಲಿ ಓದಲು ಬಂದು ಇಲ್ಲೇ ಉಳಿದ ವಿಯೆಟ್ನಾಮಿನವರು, ಅವರ ಹಿಂದೆ ಬಂದ ಅವರ ಬಂಧುಗಳು ಬಟ್ಟೆಯ ವ್ಯಾಪಾರ ಹಿಡಿದರು. ಆಫ್ರಿಕದಿಂದ ಬಂದವರು ಬೂಟು, ಷರಟು ಮಾರಿದರು. ಯುದ್ಧಕ್ಕೆ ಮೊದಲು ನಾನಾ ಜನಾಂಗಗಳ ಊರಾಗಿದ್ದು, ಆಮೇಲೆ ಕೇವಲ ಪೋಲರ ಊರಾಗಿ ಉಳಿದ ವಾರ್ಸಾದಲ್ಲಿ ಹಲವು ಭಾಷೆಗಳು ಒಟ್ಟಿಗೆ ಕೇಳಿಸುತ್ತಿದ್ದ ಜಾಗವೆಂದರೆ ಈ ಸಂತೆ. ಅನೇಕ ವಾರ್ಸಾ ನಿವಾಸಿಗಳು ವಿಯೆಟ್ನಾಮಿನ ಸಾರಿನ ರುಚಿ ಮೊದಲು ನೋಡಿದ್ದು ಇಲ್ಲಿನ ಗೂಡಂಗಡಿಗಳಲ್ಲಿ.

ನಗರದ ಸಭ್ಯ ಜನಕ್ಕೆ ಇದು ನಾಚಿಕೆಯ ವಿಷಯವಾಗಿತ್ತು. ಆದರೆ ಕಟ್ಟಿದವರ ಮನಸ್ಸಿನಲ್ಲಿ ಇಲ್ಲದ ಉಪಯೋಗವೊಂದನ್ನು ಜನ ತಾವಾಗಿ ಕಂಡುಕೊಂಡ ಕಾಲವೆಂದರೆ ಇದೇ. ಅದರ ಆಯುಷ್ಯವೂ ಕಡಿಮೆಯೇನಲ್ಲ, ಸುಮಾರು ಹದಿನೆಂಟು ವರ್ಷ. ಕ್ರೀಡಾಂಗಣವಾಗಿ ಅದು ಚೆನ್ನಾಗಿ ನಡೆದದ್ದು ಇದಕ್ಕಿಂತ ಹತ್ತು ಹನ್ನೆರಡು ವರ್ಷ ಹೆಚ್ಚಿಗೆ, ಅಷ್ಟೆ.

2007ರ ಏಪ್ರಿಲ್‌ನಲ್ಲಿ 2012ರ ಯೂರೋಪಿಯನ್ ಫುಟ್‌ಬಾಲ್ ಚಾಂಪಿಯನ್‌ಷಿಪ್ ಪೋಲೆಂಡ್ ಮತ್ತು ಉಕ್ರೇನಿಗೆ ಜಂಟಿಯಾಗಿ ಸಿಕ್ಕಿತು. ಸಂತೆಯ ದಿನಗಳು ಮುಗಿದವು. ಆ ವರ್ಷವೇ ಒಡ್ಡಿನ ಮೇಲಿನ ಅಂಗಡಿಗಳು ಎದ್ದವು. 2008ರಲ್ಲಿ ಹಳೆಯ ಕಟ್ಟಡ ಒಡೆಯುವ ಕೆಲಸ ಶುರುವಾಯಿತು. ವಿಯೆಟ್ನಾಮಿ ವ್ಯಾಪಾರಿಗಳಲ್ಲಿ ಬಹಳಷ್ಟು ಮಂದಿ ನಗರದ ದಕ್ಷಿಣಕ್ಕಿರುವ ವುಲ್ಕಾ ಕೊಸೊವ್‌ಸ್ಕಾ ಎಂಬ ಹಳ್ಳಿಯ ಸಗಟು ಮಳಿಗೆಗಳಿಗೆ ಹೋದರು.

ಹಳೆಯ ಬಟ್ಟಲಿನ ಜಾಗದಲ್ಲೇ ಹೊಸ ಕ್ರೀಡಾಂಗಣ ಎದ್ದಿತು. 2012ರ ಜನವರಿ 29ರಂದು ಉದ್ಘಾಟನೆ. ಸುಮಾರು 58 ಸಾವಿರ ಆಸನ, ಮೈದಾನದ ಕೆಳಗೆ ಕಾರು ನಿಲುಗಡೆ, ಬೇಕೆಂದಾಗ ಮುಚ್ಚಬಹುದಾದ ಬಟ್ಟೆಯ ಚಾವಣಿ. ಅದೇ ವರ್ಷ ಅಕ್ಟೋಬರ್‌ನಲ್ಲಿ ಇಂಗ್ಲೆಂಡ್ ವಿರುದ್ಧದ ಪಂದ್ಯದ ಸಂಜೆ ಜೋರು ಮಳೆ ಬಂದಾಗ ಆ ಚಾವಣಿ ತೆರೆದೇ ಇತ್ತು! ಮೈದಾನ ಕೆರೆಯಾಯಿತು, ಪಂದ್ಯ ಮರುದಿನಕ್ಕೆ ಹೋಯಿತು. ರಾಷ್ಟ್ರೀಯ ಈಜುಕೊಳ ಎಂದು ಊರಿನವರು ತಿಂಗಳುಗಟ್ಟಲೆ ನಗಾಡಿದರು.

ಹೊಸ ಕ್ರೀಡಾಂಗಣದಲ್ಲಿ ಓಟದ ಪಥ ಇಲ್ಲ. ಫುಟ್‌ಬಾಲಿನ ಪ್ರೇಕ್ಷಕ ಹತ್ತಿರ ಕೂರಬೇಕು ಎಂಬ ಲೆಕ್ಕ ಕೊನೆಗೂ ಗೆದ್ದಿತು. ಹಾಗೆಂದು ಅಥ್ಲೆಟಿಕ್ಸ್ ಪೂರ್ತಿ ಹೊರಹೋಗಲಿಲ್ಲ. ಹದಿನೇಳರ ಹರೆಯದಲ್ಲಿ 2000ದ ಸಿಡ್ನಿ ಒಲಿಂಪಿಕ್ಸಿನ ಹ್ಯಾಮರ್ ಎಸೆತ ಗೆದ್ದು, 2009ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಕಮಿಲಾ ಸ್ಕೊಲಿಮೊವ್‌ಸ್ಕಾ ನೆನಪಿನ ಕೂಟ 2016ರ ಆಗಸ್ಟ್ 28ರಂದು ಇಲ್ಲಿ ನಡೆಯಿತು. ಅಂದು ಅನಿತಾ ವ್ಲೊದಾರ್ಚಿಕ್ ಹ್ಯಾಮರನ್ನು 82.98 ಮೀಟರ್ ಎಸೆದು ವಿಶ್ವದಾಖಲೆ ಮಾಡಿದರು. ಪಿಯೊಂತ್ಕೊವ್‌ಸ್ಕಿ ಡಿಸ್ಕಸ್ ಎಸೆದ ನೆಲವೇ ಅದು. ಆಮೇಲೆ ಆ ಕೂಟವೂ ಹೊಜುಫ್‌ಗೆ ಹೋಯಿತು. ಅಲ್ಲಿನ ಕ್ರೀಡಾಂಗಣವನ್ನು ನವೀಕರಿಸುವಾಗ ಓಟದ ಪಥವನ್ನು ಉಳಿಸಿಕೊಂಡಿದ್ದರು. 2024ರಲ್ಲಿ ಡುಪ್ಲಾಂಟಿಸ್ ಪೋಲ್‌ವಾಲ್ಟ್‌ನಲ್ಲಿ 6.26 ಮೀಟರ್ ಹಾರಿದ್ದು ಅಲ್ಲಿಯೇ.

ವಾರ್ಸಾದ ಜಾಗಕ್ಕೆ ಬೇರೆ ಬೇರೆ ಉಪಯೋಗಗಳ ಚಾಳಿ ಬಿಟ್ಟಂತಿಲ್ಲ. 2013ರ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನ ನಡೆದದ್ದು ಈ ಕ್ರೀಡಾಂಗಣದಲ್ಲಿ. 2020ರ ಕೊನೆಯಲ್ಲಿ ಕೋವಿಡ್ ಹರಡಿದಾಗ ಇದೇ ತಾತ್ಕಾಲಿಕ ಆಸ್ಪತ್ರೆಯಾಯಿತು.

1955ರ ಕಾಲದ್ದೆಂದು ಈಗ ಕಣ್ಣಿಗೆ ಕಾಣುವುದು ಕೆಲವೇ. ರಿಲೇ ಓಟಗಾರರು ಒಬ್ಬರಿಂದೊಬ್ಬರಿಗೆ ಕೋಲು ದಾಟಿಸುತ್ತಿರುವ, ಆದಾಮ್ ರೋಮಾನ್ ಕೆತ್ತಿದ ಶಿಲ್ಪವನ್ನು ಒಡೆಯದೆ ಉಳಿಸಿದ್ದಾರೆ. ಶಿವೆತ್ಸ್ ನೆನಪಿಗೂ ಕ್ರೀಡಾಂಗಣದ ಹೊರಗೆ ಒಂದು ಕಲ್ಲು ನಿಲ್ಲಿಸಿದ್ದಾರೆ. ಪ್ರಾಗ್ ನಗರದ ಜನ 2009ರಲ್ಲಿ ತಮ್ಮ ಜಿಜ್ಕೊವ್ ಬಡಾವಣೆಯ ಬೀದಿಯೊಂದಕ್ಕೆ ಅವರ ಹೆಸರಿಟ್ಟರು. ಪಂದ್ಯದ ಸಂಜೆಗಳಲ್ಲಿ ಕೆಂಪು-ಬಿಳಿ ಶಾಲು ಹೊದ್ದ ಸಾವಿರಾರು ಮಂದಿ ಸೇತುವೆಯ ಕಡೆಯಿಂದ ಬಂದು, ವಾರ್ಸಾದ ಆ ಕಲ್ಲಿನಿಂದ ಅಷ್ಟೇನೂ ದೂರವಲ್ಲದ ಗೇಟುಗಳಲ್ಲಿ ಟಿಕೆಟ್ ತೋರಿಸಿ ಒಳಗೆ ಹೋಗುತ್ತಾರೆ.